ಕೂಪರ್ ಬ್ಲ್ಯಾಕ್: ದುಂಡುದುಂಡಗಿನ ದಪ್ಪಕ್ಷರ

ಷಿಕಾಗೊ, ಅಮೆರಿಕ, 1922

ಚೂಪು ಮೂಲೆಯೇ ಇಲ್ಲದ ಈ ಅಕ್ಷರಗಳನ್ನು ರೂಪಿಸಿದವರು ಆಸ್ವಾಲ್ಡ್ ಬ್ರೂಸ್ ಕೂಪರ್ (1879–1940). ಹೆಸರಾಂತ ಅಕ್ಷರ ವಿನ್ಯಾಸಕ ಫ್ರೆಡರಿಕ್ ಗೌಡಿ ಅವರ ಬಳಿ ಕಲಿತ ಕೂಪರ್, ಜಾಹೀರಾತುಗಳಿಗೆ ಕೈಯಿಂದಲೇ ಅಕ್ಷರ ಬರೆದು ಹೆಸರು ಮಾಡಿದ್ದರು. ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಸಂಸ್ಥೆ ಕೂಪರ್ ಬ್ಲ್ಯಾಕ್ ಅಕ್ಷರಗಳನ್ನು ಅಚ್ಚಿನ ಮೊಳೆಗಳಾಗಿ ಎರಕ ಹೊಯ್ದು ಮಾರುಕಟ್ಟೆಗೆ ತಂದಿತು.

ಇಂಗ್ಲಿಷಿನ ಸಣ್ಣ 'ಓ' ಅಕ್ಷರವನ್ನು ಹತ್ತಿರದಿಂದ ನೋಡಿ. ಒಳಗಿನ ಪುಟ್ಟ ಬಿಳಿ ಕಿಂಡಿ ನೆಟ್ಟಗಿಲ್ಲ, ಎಡಕ್ಕೆ ವಾಲಿದೆ. ಉಳಿದ ಅಕ್ಷರಗಳ ಪಾದಗಳೂ ಚಪ್ಪಟೆಯಲ್ಲ. ಆಗತಾನೇ ಒಲೆಯಿಂದ ತೆಗೆದ ಬನ್ನಿನಂತೆ ಉಬ್ಬಿವೆ. ಇಷ್ಟು ಭಾರದ ಅಕ್ಷರಕ್ಕೆ ನಗುಮುಖ ಬಂದಿರುವುದು ಈ ಓರೆ ಮತ್ತು ಉಬ್ಬುಗಳಿಂದಲೇ.

ಈ ಅಕ್ಷರಕ್ಕೆ ಹೊಸ ಸುಗ್ಗಿ ಬಂದದ್ದು 1960–70ರ ದಶಕಗಳಲ್ಲಿ. ಸೀಸದ ಮೊಳೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಲು ಒಂದು ಮಿತಿಯಿತ್ತು. ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊ ಟೈಪ್‌ಸೆಟಿಂಗ್ ಮತ್ತು ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳು ಆ ಮಿತಿಯನ್ನು ತೆಗೆದುಹಾಕಿದವು. ಅಕ್ಷರಗಳು ಮೈಗೆ ಮೈ ತಾಗಿಸಿ ನಿಂತವು. ದಿ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' (1966) ಆಲ್ಬಮ್ ಇದಕ್ಕೆ ಅತ್ಯುತ್ತಮ ಉದಾಹರಣೆ. ರಕ್ಷಾಪುಟದಲ್ಲಿ ಗಾಯಕರು ಮೇಕೆಗಳಿಗೆ ಮೇವು ತಿನ್ನಿಸುತ್ತಿದ್ದಾರೆ. ಮೇಲಿನ ಹಸಿರು ಪಟ್ಟಿಯ ತುಂಬ ಕೂಪರ್ ಬ್ಲ್ಯಾಕ್! ಆ ಚಿತ್ರದ ಸಲಿಗೆಗೆ ಇದಕ್ಕಿಂತ ಒಪ್ಪುವ ಅಕ್ಷರವನ್ನು ಊಹಿಸುವುದು ಕಷ್ಟ.

ಬ್ರಿಟನ್ನಿನ ಹಾಸ್ಯ ಧಾರಾವಾಹಿ 'ಡ್ಯಾಡ್ಸ್ ಆರ್ಮಿ'ಯ ಶೀರ್ಷಿಕೆ ಇದೇ ಅಕ್ಷರದಲ್ಲಿತ್ತು. ಟೀ ಶರ್ಟುಗಳ ಮೇಲೆ ಇಸ್ತ್ರಿ ಒತ್ತಿ ಅಂಟಿಸುವ ಅಕ್ಷರವಾಗಿಯೂ ಇದು ಓಡಾಡಿತು. 1995ರಲ್ಲಿ ಆರಂಭವಾದ ಈಜಿಜೆಟ್ ವಿಮಾನ ಸಂಸ್ಥೆ ತನ್ನ ಹೆಸರನ್ನು ಇಂದಿಗೂ ಇದರಲ್ಲೇ ಬರೆಯುತ್ತದೆ.