ಶಾಲೆಯಲ್ಲಿ ಗ್ರಂಥಕ್ಕೂ ಯಂತ್ರಕ್ಕೂ ಸ್ಥಳಯೋಜನೆ: ಹೆಗ್ಗಡದೇವನಕೋಟೆಯಿಂದ ಹೊಸ ಅಗ್ರಹಾರಕ್ಕೆ

ಕೊಠಡಿಯ ರಚನೆಯು ಕಲಿಕೆಯ ಕ್ರಮವನ್ನು ಅನುಸರಿಸಬೇಕೆಂಬ ತತ್ತ್ವಕ್ಕೆ ಕನ್ನಡನಾಡಿನಲ್ಲಿ ದೊರೆಯುವ ಸ್ಪಷ್ಟವಾದ ನಿದರ್ಶನವೆಂದರೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಉದಯಿಸಿದ ನಲಿ-ಕಲಿ ಪದ್ಧತಿ. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದ ಅಲ್ಲಿಯ ಉಪಾಧ್ಯಾಯರು, ಪಾಠವನ್ನು ಕಾರ್ಡುಗಳನ್ನಾಗಿ ವಿಭಜಿಸಿ, ಮಗುವು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿಯೇ ಏರುವಂತೆ ಏರ್ಪಡಿಸಿದುದರಿಂದ ಸಾಲುಬೆಂಚುಗಳಿಗೆ ಅಲ್ಲಿ ಅರ್ಥವೇ ಉಳಿಯಲಿಲ್ಲ. ಮಕ್ಕಳು ಗುಂಪುಗುಂಪಾಗಿ ಕುಳಿತರು. ಕಾರ್ಡುಗಳು ಅವರ ಕೈಗೆಟಕುವಲ್ಲಿಗೆ ಇಳಿದುವು. ಗೋಡೆಯ ಕೆಳಭಾಗವೇ ಅವರ ಕಪ್ಪುಹಲಗೆಯಾಯಿತು. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರ ಚಿತ್ರಗಳು ತೂಗಿದುವು. 2009-10ರಿಂದ ರಾಜ್ಯದಾದ್ಯಂತ ವ್ಯಾಪಿಸಿದ ಈ ಪದ್ಧತಿಯ ಗುಣದೋಷಗಳ ಚರ್ಚೆ ಏನೇ ಇರಲಿ, ಮಗುವಿನ ಕೈಯ ಎತ್ತರವನ್ನೇ ಅಳತೆಗೋಲಾಗಿ ಅಂಗೀಕರಿಸಿದ ಅದರ ವಿವೇಕವು ಅನನ್ಯವಾದುದು.

ಶಾಲಾ ಗ್ರಂಥಾಲಯದ ಯೋಜನೆಯಲ್ಲಿ ಈ ವಿವೇಕವು ಏಕೆ ಪ್ರವೇಶಿಸಲಿಲ್ಲ? ಗ್ರಂಥವಿರುವುದು ಉಪಯೋಗಕ್ಕಾಗಿ ಎಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಷ್ಟು ಹಿಂದೆಯೇ ಗ್ರಂಥಾಲಯ ವಿಜ್ಞಾನದ ಪ್ರಥಮ ಸೂತ್ರವನ್ನಾಗಿ ಸ್ಥಾಪಿಸಿದರು. 2009ರ ಶಿಕ್ಷಣ ಹಕ್ಕು ಅಧಿನಿಯಮವು ಪ್ರತಿಯೊಂದು ಶಾಲೆಗೂ ವೃತ್ತಪತ್ರಿಕೆ, ನಿಯತಕಾಲಿಕೆ ಮತ್ತು ಕಥಾಪುಸ್ತಕಗಳುಳ್ಳ ಗ್ರಂಥಾಲಯವನ್ನು ವಿಧಿಸಿತು. ಆದರೂ ಎಷ್ಟೋ ಗ್ರಾಮಶಾಲೆಗಳಲ್ಲಿ ಗ್ರಂಥಾಲಯವೆಂಬುದು ಮುಖ್ಯೋಪಾಧ್ಯಾಯರ ಕೊಠಡಿಯ ಬೀಗ ಹಾಕಿದ ಬೀರುವೇ ಆಗಿದೆ. ಇದಕ್ಕೆ ಉಪಾಧ್ಯಾಯರ ಉದಾಸೀನವನ್ನು ಕಾರಣವೆನ್ನುವುದು ಅನ್ಯಾಯ. ದಾಸ್ತಾನು ವಹಿಯಲ್ಲಿ ಕಾಣುವ ಪುಸ್ತಕವು ಬೀರುವಿನಲ್ಲಿ ಕಾಣದಿದ್ದರೆ ಉತ್ತರ ಹೇಳಬೇಕಾದವರು ತಾವೇ ಎಂಬ ಭಯವೇ ಬೀಗಕ್ಕೆ ಮೂಲ. ಓದಿ ಓದಿ ಹರಿದ ಪುಸ್ತಕವನ್ನು ನಷ್ಟವೆನ್ನದೆ ವಿನಿಯೋಗವೆಂದು ಲೆಕ್ಕದಿಂದ ಸುಲಭವಾಗಿ ತೆಗೆಯುವ ನಿಯಮವು ಆಗದ ಹೊರತು, ಎಷ್ಟು ವಿಶಾಲವಾದ ಕೊಠಡಿಯನ್ನು ಕಟ್ಟಿದರೂ ಅದು ಉಗ್ರಾಣವಾಗಿಯೇ ಉಳಿದೀತು.

ಕಂಪ್ಯೂಟರಿನ ವಿಷಯದಲ್ಲಿ ತೊಡಕು ಬೆಳಕಿನದು. ಯಂತ್ರವು ಕಿಟಕಿಗೆ ಅಭಿಮುಖವಾದರೆ ಪರದೆಯ ಮೇಲೆ ಬೆಳಕು ಪ್ರತಿಫಲಿಸಿ ಅಕ್ಷರ ಮಸುಕಾಗುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿದರೆ ಕರೆಂಟು ಹೋದೊಡನೆ ಕೊಠಡಿಯೇ ನಿರುಪಯುಕ್ತವಾಗುತ್ತದೆ. ಆದುದರಿಂದ ಕಿಟಕಿಯ ಬೆಳಕು ಪುಸ್ತಕಕ್ಕೆ, ಅದಕ್ಕೆ ಅಡ್ಡಲಾದ ಗೋಡೆ ಯಂತ್ರಕ್ಕೆ, ನಡುವಣ ನೆಲ ಮಕ್ಕಳಿಗೆ ಎಂಬಂತೆ ಒಂದೇ ಕೊಠಡಿಯಲ್ಲಿ ಎರಡನ್ನೂ ಕೂಡಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಕೃಷ್ಣರಾಜನಗರ ಸೀಮೆಯ ಹೊಸ ಅಗ್ರಹಾರದಂತಹ ಹೋಬಳಿಯಲ್ಲಿ ಮಕ್ಕಳಿಗೆ ಗ್ರಂಥವನ್ನು ಒದಗಿಸುವ ಕಾರ್ಯವನ್ನು ಶಾಲೆಯೊಂದೇ ಹೊರಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದುವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಅವುಗಳ ಬಾಗಿಲನ್ನು ಮಕ್ಕಳಿಗೆ ತೆರೆಯಿತು. ಇನ್ನು ಮುಂದೆ ಶಾಲೆಗೆ ಕೊಠಡಿಯನ್ನು ಮಂಜೂರು ಮಾಡುವ ಅಧಿಕಾರಿಗಳೂ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೂ ನಕ್ಷೆಗೆ ಸಹಿ ಹಾಕುವ ಮುನ್ನ ಪಂಚಾಯಿತಿಯ ಗ್ರಂಥಪಾಲಕರನ್ನು ಕರೆದು ಕೇಳಲಿ. ಮೊದಲ ಕಪಾಟನ್ನು ಆರು ವರ್ಷದ ಮಗುವಿನ ಕೈಗೆಟಕುವಲ್ಲಿ ಗುರುತಿಸಲಿ.