ವಿಕಿರಣ ಚಿಕಿತ್ಸೆಯಲ್ಲಿ ರೋಗಿಯ ಸ್ಥಾನಪರೀಕ್ಷೆ: ಚಿತ್ರಣದ ಇತಿಹಾಸ

ಕ್ಯಾನ್ಸರ್‌ಗೆ ಕೊಡುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಹಲವು ವಾರ, ದಿನಕ್ಕೊಂದು ಕಂತಿನಂತೆ ನಡೆಯುತ್ತದೆ. ಯೋಜನೆಯ ದಿನ ಸಿ.ಟಿ. ಸ್ಕ್ಯಾನ್‌ನಲ್ಲಿ ಗುರುತಿಸಿದ ಜಾಗಕ್ಕೇ ಪ್ರತಿ ಕಂತೂ ಬೀಳುತ್ತಿದೆಯೇ ಎಂದು, ರೋಗಿ ಮೇಜಿನ ಮೇಲಿರುವಾಗಲೇ ಚಿತ್ರ ತೆಗೆದು ತಾಳೆ ನೋಡುವುದೇ ಸ್ಥಾನಪರೀಕ್ಷೆ.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರಗಳೂ 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರೂ ಚಿಕಿತ್ಸೆಗೆ ಬಂದವು. ಕಿರಣ ದೇಹದ ಆಳಕ್ಕೆ ಇಳಿಯಿತು. ಗುರಿ ಹಿಡಿಯಲು ಮಾತ್ರ ಚರ್ಮದ ಮೇಲಿನ ಶಾಯಿ ಗುರುತೇ ಆಧಾರ. ರೋಗಿ ಸೊರಗಿದರೆ ಚರ್ಮದೊಂದಿಗೆ ಗುರುತೂ ಜರುಗುತ್ತಿತ್ತು. ಚಿಕಿತ್ಸೆಯ ಕಿರಣದಿಂದಲೇ ಫಿಲ್ಮ್ ತೆಗೆದರೆ ಚಿತ್ರ ಮಸುಕು. ಸಾಧಾರಣ ಎಕ್ಸ್-ರೇಯನ್ನು ಮೂಳೆಯ ಕ್ಯಾಲ್ಸಿಯಂ ಚೆನ್ನಾಗಿ ಹೀರುವುದರಿಂದ ಮೂಳೆ ಎದ್ದು ಕಾಣುತ್ತದೆ; ಚಿಕಿತ್ಸೆಯ ಮೆಗಾವೋಲ್ಟ್ ಕಿರಣಕ್ಕೆ ಮೂಳೆ, ಮಾಂಸಗಳ ನಡುವೆ ಅಷ್ಟು ವ್ಯತ್ಯಾಸವಿಲ್ಲ. ಅದಕ್ಕಿಂತ ದೊಡ್ಡ ತೊಡಕು ಸಮಯದ್ದು. ಕತ್ತಲಕೋಣೆಯಲ್ಲಿ ಫಿಲ್ಮ್ ತೊಳೆದು ವೈದ್ಯರು ನೋಡುವ ಹೊತ್ತಿಗೆ ಅಂದಿನ ಕಂತು ಮುಗಿದು ರೋಗಿ ಮನೆಗೆ ಹೋಗಿರುತ್ತಿದ್ದರು.

1980ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನೆದರ್‌ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಹಾರ್ಮ್ ಮೇರ್ಟೆನ್ಸ್, ಮಾರ್ಸೆಲ್ ವಾನ್ ಹೆರ್ಕ್ ಮತ್ತು ಸಂಗಡಿಗರು ದ್ರವ ತುಂಬಿದ ಅಯಾನು ಕೋಶಗಳ ಫಲಕದಿಂದ ಚಿತ್ರವನ್ನು ನೇರವಾಗಿ ಪರದೆಗೆ ತಂದರು. ಮುಂದೆ ಮಿಶಿಗನ್ ವಿಶ್ವವಿದ್ಯಾಲಯದ ಲ್ಯಾರಿ ಆಂಟೊನುಕ್ ತಂಡ ಬೆಳೆಸಿದ ಸಿಲಿಕಾನ್ ಫಲಕಗಳು ಆ ಜಾಗ ಹಿಡಿದವು. ಚಿತ್ರಗಳು ರಾಶಿಯಾಗಿ ಸಿಗತೊಡಗಿದ ಮೇಲೆ ತಪ್ಪುಗಳನ್ನು ಅಳೆದು ವಿಂಗಡಿಸುವುದು ಸಾಧ್ಯವಾಯಿತು. ಈ ಇತಿಹಾಸದಲ್ಲಿ ಯಂತ್ರಗಳಷ್ಟೇ ಮುಖ್ಯವಾದದ್ದು ಈ ವಿಂಗಡಣೆ. ದಿನಕ್ಕೊಂದು ದಿಕ್ಕಿಗೆ ಆಗುವ ಸಣ್ಣ ಪಲ್ಲಟ ವಿಕಿರಣದ ಅಂಚನ್ನು ಮಸುಕುಗೊಳಿಸುತ್ತದೆ, ಅಷ್ಟೆ. ಯೋಜನೆಯ ದಿನವೇ ಸೇರಿಕೊಂಡ ತಪ್ಪು ಪ್ರತಿ ಕಂತಿನಲ್ಲೂ ಒಂದೇ ಕಡೆಗೆ ಎಳೆಯುತ್ತದೆ. 2000ದಲ್ಲಿ ವಾನ್ ಹೆರ್ಕ್ ಕೊಟ್ಟ ಸೂತ್ರದಲ್ಲಿ, ಗಡ್ಡೆಯ ಸುತ್ತ ಬಿಡಬೇಕಾದ ಅಂಚನ್ನು ಲೆಕ್ಕಹಾಕುವಾಗ ಎರಡನೆಯ ಬಗೆಗೆ 2.5ರ ತೂಕ, ಮೊದಲನೆಯದಕ್ಕೆ 0.7 ಮಾತ್ರ.

ಈ ಚಿತ್ರಗಳಲ್ಲಿ ಮೂಳೆ ಸರಿಹೊಂದಿದರೂ ಗಡ್ಡೆ ಸರಿಹೊಂದಿರಬೇಕೆಂದಿಲ್ಲ. ಪಕ್ಕದ ಗುದನಾಳ ಉಬ್ಬಿದರೆ ಪ್ರಾಸ್ಟೇಟ್ ಗ್ರಂಥಿ ಜರುಗುತ್ತದೆ. ಯೋಜನೆಯ ಸ್ಕ್ಯಾನ್ ದಿನ ಗುದನಾಳ ಉಬ್ಬಿದ್ದ ಪ್ರಾಸ್ಟೇಟ್ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರದ ಅಧ್ಯಯನ 2005ರಲ್ಲಿ ತೋರಿಸಿತು. ಇಂಥ ಜರುಗುವಿಕೆಯನ್ನು ಚಿಕಿತ್ಸೆಯ ದಿನವೇ ಕಾಣಲು ಬೇಕಿದ್ದ ಉಪಕರಣ ಅಷ್ಟರಲ್ಲಿ ಸಿದ್ಧವಾಗಿತ್ತು. ಮಿಶಿಗನ್ನಿನ ವಿಲಿಯಂ ಬೋಮಾಂಟ್ ಆಸ್ಪತ್ರೆಯಲ್ಲಿ ಡೇವಿಡ್ ಜಾಫ್ರೇ ಮತ್ತು ಸಂಗಡಿಗರು ಚಿಕಿತ್ಸಾ ಯಂತ್ರಕ್ಕೇ ಎಕ್ಸ್-ರೇ ಕೊಳವೆ ಜೋಡಿಸಿ, ಅದು ರೋಗಿಯ ಸುತ್ತ ಒಮ್ಮೆ ತಿರುಗಿದರೆ ಸಿ.ಟಿ.ಯಂಥ ಚಿತ್ರ ಸಿಗುವ ವಿಧಾನವನ್ನು 2002ರಲ್ಲಿ ಪ್ರಕಟಿಸಿದ್ದರು. ಇದನ್ನೇ ಕೋನ್-ಬೀಮ್ ಸಿ.ಟಿ. ಎನ್ನುತ್ತಾರೆ. ತಂತ್ರಜ್ಞರು ಅಂದಿನ ಚಿತ್ರವನ್ನು ಯೋಜನೆಯ ಚಿತ್ರದ ಮೇಲೆ ಕೂರಿಸಿ, ಮೇಜನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ಸರಿಸುತ್ತಾರೆ. ಗುದನಾಳದಲ್ಲಿ ಗಾಳಿ ಕಂಡರೆ ರೋಗಿಯನ್ನು ಎಬ್ಬಿಸಿ, ಶೌಚಕ್ಕೆ ಹೋಗಿ ಬರಲು ಹೇಳಿ, ಮತ್ತೆ ಮಲಗಿಸುವುದೂ ಉಂಟು.

ಎಂ.ಆರ್.ಐ. ಸಹಿತ ಚಿಕಿತ್ಸೆ 2014ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಕೋಬಾಲ್ಟ್ ಮೂಲದೊಂದಿಗೆ ಆರಂಭವಾಯಿತು. 2017ರಲ್ಲಿ ಉಟ್ರೆಕ್ಟ್‌ನಲ್ಲಿ 1.5 ಟೆಸ್ಲಾ ಎಂ.ಆರ್.ಐ. ಮತ್ತು ಆಕ್ಸಿಲರೇಟರ್ ಕೂಡಿದ ಯಂತ್ರದಿಂದ ಮೊದಲ ರೋಗಿಗೆ ಚಿಕಿತ್ಸೆಯಾಯಿತು. ಎಂ.ಆರ್.ಐ.ಯಲ್ಲಿ ಮೃದು ಅಂಗಾಂಶ ಸ್ಪಷ್ಟವಾಗಿ ಕಾಣುತ್ತದೆ. ಎಕ್ಸ್-ರೇ ತಪಾಸಣೆ ಪ್ರತಿ ಸಲವೂ ಒಂದಿಷ್ಟು ವಿಕಿರಣ ಸೇರಿಸುತ್ತದೆ, ಹಾಗಾಗಿ ಮಕ್ಕಳಲ್ಲಿ ಅದನ್ನು ಎಷ್ಟು ಸಲ ಮಾಡಬೇಕೆಂದು ಅಳೆದು ನಿರ್ಧರಿಸುತ್ತಾರೆ, ಎಂ.ಆರ್.ಐ.ಗೆ ಆ ಮಿತಿಯಿಲ್ಲ.