ಸೇಲಂ ಜಿಲ್ಲೆಯ ಪಾನನಿರೋಧದಿಂದ ಇಂದಿನ ರಸ್ತೆ ಕಾನೂನಿನವರೆಗೆ

1937ನೇ ಇಸವಿ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯ ಹೆಂಡದಂಗಡಿ, ಸಾರಾಯಿ ಅಂಗಡಿಗಳಿಗೆ ಬೀಗ ಬಿತ್ತು. ಮದರಾಸು ಪ್ರಾಂತ್ಯದಲ್ಲಿ ಪೂರ್ಣ ಪಾನನಿರೋಧದ ಕಾನೂನು ಮೊದಲು ಜಾರಿಗೆ ಬಂದದ್ದು ಇಲ್ಲಿಯೇ. ಆಗ ಧರ್ಮಪುರಿ, ಕೃಷ್ಣಗಿರಿ, ಹೊಸೂರು ಎಲ್ಲವೂ ಸೇಲಂ ಜಿಲ್ಲೆಗೇ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ. ಆದ್ದರಿಂದ ಇದು ಸೇಲಂ ಪೇಟೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಿಗೂ, ಹೊಸೂರು, ಡೆಂಕಣಿಕೋಟೆ ಕಡೆಯ ಕನ್ನಡದ ಹಳ್ಳಿಗಳಿಗೂ ಸೇರಿದ ಚರಿತ್ರೆ.

ಸೇಲಂ ಜಿಲ್ಲೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಅಂದಿನ ಪ್ರಾಂತ್ಯದ ಪ್ರಧಾನಿ ಸಿ. ರಾಜಗೋಪಾಲಾಚಾರಿ ಹುಟ್ಟಿದ್ದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ವಕೀಲಿ ವೃತ್ತಿ ನಡೆಸಿದ್ದು, ಪುರಸಭೆಯ ಅಧ್ಯಕ್ಷರಾಗಿದ್ದು ಸೇಲಂನಲ್ಲಿ. 1925ರಲ್ಲಿ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ಕಟ್ಟಿ, ಅಲ್ಲಿಂದ 'ವಿಮೋಚನಂ' ಎಂಬ ತಮಿಳು ಪತ್ರಿಕೆಯನ್ನು ಪಾನನಿರೋಧಕ್ಕಾಗಿಯೇ ಹೊರತಂದರು. ಕೂಲಿಯ ಹಣ ಮನೆ ಸೇರುವ ಮೊದಲೇ ಹೆಂಡದಂಗಡಿಗೆ ಹೋಗುವುದನ್ನು ಅವರು ಈ ಊರುಗಳಲ್ಲೇ ಕಣ್ಣಾರೆ ಕಂಡಿದ್ದರು.

ಅಂಗಡಿ ಮುಚ್ಚುವುದು ಸುಲಭ, ಆಮೇಲಿನದೇ ಕಷ್ಟ! ಮರ ಹತ್ತಿ ಹೆಂಡ ಇಳಿಸಿ ಬದುಕುತ್ತಿದ್ದವರು ಏನು ಮಾಡಬೇಕು? ಮಡಕೆಯ ಒಳಗೆ ಸುಣ್ಣ ಬಳಿದರೆ ಇಳಿದ ರಸ ಹುಳಿಯಾಗದೆ ಸಿಹಿಯಾಗಿಯೇ ಉಳಿಯುತ್ತದೆ. ಆ ಸಿಹಿ ರಸವನ್ನು ಇಳಿಸಿ ಬೆಲ್ಲ ಕಾಯಿಸಲು ಅವರಿಗೆ ಅವಕಾಶ ಕೊಡಲಾಯಿತು. ಸಂಜೆಯ ಹೊತ್ತು ಜನ ಬೇರೆ ಕಡೆ ಸೇರಲೆಂದು ಹಳ್ಳಿಗಳಲ್ಲಿ ಭಜನೆ, ಆಟಗಳನ್ನು ಏರ್ಪಡಿಸಿದರು. ಈ ಪ್ರಯೋಗದಿಂದ ಜನರ ಆರ್ಥಿಕ ಸ್ಥಿತಿಯ ಮೇಲೆ ಆದ ಪರಿಣಾಮವನ್ನು ಮದರಾಸು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಪಿ.ಜೆ. ಥಾಮಸ್ ಅಧ್ಯಯನ ಮಾಡಿದರು.

ಶಾಲೆಯವರಾದ ನಾವು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಆ ಕಾಲದಲ್ಲಿ ಪ್ರಾಂತ್ಯಗಳ ಬೊಕ್ಕಸಕ್ಕೆ ಅಬಕಾರಿ ಒಂದು ದೊಡ್ಡ ಆದಾಯ. ಶಾಲೆಗಳ ಖರ್ಚೂ ಅದೇ ಬೊಕ್ಕಸದಿಂದ ಬರಬೇಕು. ತಂದೆ ಕುಡಿದ ಹಣದಿಂದ ಮಗ ಓದಬೇಕಾದ ಈ ಸ್ಥಿತಿಯನ್ನು ಗಾಂಧೀಜಿ ಅದೇ ವರ್ಷ ಕಟುವಾಗಿ ಟೀಕಿಸಿದರು. ಅವರ ಬುನಾದಿ ಶಿಕ್ಷಣದ ಯೋಜನೆ ವಾರ್ಧಾ ಸಮ್ಮೇಳನದ ಮುಂದೆ ಬಂದದ್ದೂ 1937ರ ಅಕ್ಟೋಬರಿನಲ್ಲೇ. ರಾಜಾಜಿಯವರು ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ತಂದರು.

ಮುಂದಿನ ಕಥೆ ನೇರವಾಗಿಲ್ಲ. ಪಾನನಿರೋಧ ಚಿತ್ತೂರು, ಕಡಪ, ಉತ್ತರ ಆರ್ಕಾಟ್ ಜಿಲ್ಲೆಗಳಿಗೆ ಹಬ್ಬಿತು. ಯುದ್ಧದ ವರ್ಷಗಳಲ್ಲಿ ನಿಂತುಹೋಯಿತು. 1948ರ ಅಕ್ಟೋಬರ್ 2ರಿಂದ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಿತು. 1971ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಸಡಿಲಿಸಿತು. ತೊಂಬತ್ತು ದಾಟಿದ ರಾಜಾಜಿಯವರು ಬೇಡವೆಂದು ಕೇಳಿಕೊಂಡರೂ ಫಲವಾಗಲಿಲ್ಲ. 1983ರಲ್ಲಿ ಟಾಸ್ಮಾಕ್ ಸಂಸ್ಥೆ ಹುಟ್ಟಿತು. 2003ರಿಂದ ಚಿಲ್ಲರೆ ಮಾರಾಟವೂ ಅದರ ಕೈಗೆ ಬಂತು. ಮುಚ್ಚಿದ ಸರ್ಕಾರವೇ ಅಂಗಡಿ ತೆರೆಯಿತು ಎಂದು ಹಿರಿಯರು ಹೇಳುವುದು ಇದನ್ನೇ.

ನಿಷೇಧವೊಂದೇ ಮದ್ದು ಎಂದು ನಾವು ಹೇಳುತ್ತಿಲ್ಲ. ಕರ್ನಾಟಕ 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿತು. ಮರುವರ್ಷ ಮೇ ತಿಂಗಳಲ್ಲಿ ಕಳ್ಳಭಟ್ಟಿ ಕುಡಿದು ಬೆಂಗಳೂರು, ಕೋಲಾರದ ಕಡೆಗಳಲ್ಲೂ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೂ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಗಡಿಯ ಎರಡು ಬದಿಗೂ ಸಾವು ಒಂದೇ.

ಇನ್ನು ರಸ್ತೆಯ ಮಾತು. 1939ರ ಮೋಟಾರು ವಾಹನ ಕಾಯ್ದೆಯೇ ಹದಿನೆಂಟು ತುಂಬದವರು ವಾಹನ ನಡೆಸಬಾರದೆಂದಿತು. ಕುಡಿದು ನಡೆಸುವುದನ್ನೂ ಅಪರಾಧವೆಂದಿತು. ಆಗ ಹಳ್ಳಿಯಲ್ಲಿ ಮೋಟಾರು ಎಲ್ಲಿತ್ತು? 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂದ ಮೇಲೆ ಸಾಧಾರಣ ಮನೆಗಳಿಗೂ ಗಾಡಿ ಬಂತು. ಇಂದಿನ 1988ರ ಕಾಯ್ದೆ 50 ಸಿಸಿ ಮೀರದ ಗಾಡಿಯನ್ನು ಮಾತ್ರ 16ನೇ ವಯಸ್ಸಿಗೆ ಲೈಸೆನ್ಸ್ ಪಡೆದು ಓಡಿಸಲು ಬಿಡುತ್ತದೆ. ಈಗ ಮನೆಮುಂದೆ ನಿಂತಿರುವ ಸ್ಕೂಟರ್‌ಗಳು 100 ಸಿಸಿಗೂ ಮೇಲಿನವು. ಅವು ಹತ್ತನೇ ತರಗತಿಯ ಹುಡುಗನಿಗಲ್ಲ.

ಕುಡಿದು ಓಡಿಸುವವರ ವಿಷಯದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೆದ್ದಾರಿಯ ಬದಿಯ ಮದ್ಯದಂಗಡಿಗಳ ಬಗ್ಗೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಕೊಟ್ಟ ತೀರ್ಪೂ ತಮಿಳುನಾಡಿನ ಕೆ. ಬಾಲು ಅವರ ಮೊಕದ್ದಮೆಯಲ್ಲೇ ಬಂದದ್ದು. ಹೆದ್ದಾರಿಯಿಂದ 500 ಮೀಟರ್ ಒಳಗೆ ಅಂಗಡಿ ಇರಬಾರದೆಂದ ಆ ಆದೇಶ 2017ರಲ್ಲಿ ಸಣ್ಣ ಊರುಗಳಿಗೆ 220 ಮೀಟರಿಗೆ ಇಳಿಯಿತು, ನಗರಸಭೆ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. ಧರ್ಮಪುರಿ–ಸೇಲಂ ನಡುವಿನ ತೊಪ್ಪೂರು ಘಾಟಿಯ ಅಪಘಾತಗಳನ್ನು ಬಲ್ಲ ನಮಗೆ ಇದು ದೂರದ ಮಾತಲ್ಲ.

ಹೀಗೆ ನೋಡಿದರೆ ಕಾನೂನು ದಾರಿ ಬದಲಿಸುತ್ತಾ ಬಂದಿದೆ. 1937ರಲ್ಲಿ ಅದು ಅಂಗಡಿಯನ್ನೂ ಕುಡಿಯುವವನನ್ನೂ ತಡೆಯಿತು. ಆಮೇಲೆ ಚಾಲಕನನ್ನು ಹಿಡಿಯಿತು. ಈಗ ಮನೆಯ ಹಿರಿಯರನ್ನೇ ಕೇಳುತ್ತಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಿಳುನಾಡಿನ ಅಂಗಡಿಗಳಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳಿಗೆ ಮದ್ಯ ಕೊಡುವುದಷ್ಟೇ ಅಲ್ಲ, ಮದ್ಯ ಸಾಗಿಸಲು ಅವರನ್ನು ಬಳಸುವುದಕ್ಕೂ ಏಳು ವರ್ಷದವರೆಗೆ ಶಿಕ್ಷೆಯಿದೆ.

ಪೋಷಕರೇ, "ಪಕ್ಕದ ಅಂಗಡಿಗೆ ತಾನೇ, ಹೋಗಿ ಬರಲಿ" ಎಂದು ಕೀಲಿ ಕೊಡುವ ಮೊದಲು ಇದನ್ನು ನೆನೆಯಿರಿ. ಶಿಕ್ಷಕ ಮಿತ್ರರೇ, ಮುಂದಿನ ಪೋಷಕರ ಸಭೆಯಲ್ಲಿ ಈ ನಿಯಮಗಳನ್ನು ಕನ್ನಡದಲ್ಲೇ ಓದಿ ಹೇಳೋಣ. ಕಾನೂನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದೆ, ನಮಗೆ ತಿಳಿಯಲಿಲ್ಲ ಎಂಬ ಮಾತು ಪೊಲೀಸರ ಮುಂದೆ ನಡೆಯದು.